ಬೆಕ್ಕು ಅಂಡ್ ಕಾಲು

ಹಳ್ಳಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವರು ನಗುವಿಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಹಾಜರಿ ಕರೆಯುವ ಹೊತ್ತಿಗೇ ಅದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ನಾನು ಸಕಲೇಶಪುರದಿಂದಾಚೆ, ಹಾನುಬಾಳು ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಟೀಚರಾಗಿದ್ದೆ. ಆ ಹನ್ನೊಂದು ವರ್ಷದಲ್ಲಿ ಮಕ್ಕಳು ನನ್ನಿಂದ ಎಷ್ಟು ಇಂಗ್ಲಿಷ್ ಕಲಿತರೋ ದೇವರಿಗೇ ಗೊತ್ತು. ನಾನು ಮಾತ್ರ ಇಂಗ್ಲಿಷಿನ ಒಂದು ನುಡಿಗಟ್ಟನ್ನು ಜನ್ಮದಲ್ಲಿ ಮರೆಯದ ಹಾಗೆ ಕಲಿತೆ. ಕಲಿಸಿದ್ದು ನಮ್ಮ ಶಾಲೆಯ ಜವಾನ.

ಆಳು ಸಣ್ಣ, ಮೀಸೆ ದಪ್ಪ. ಊರು ಆಲೂರು ತಾಲ್ಲೂಕಿನ ಮಗ್ಗೆ. ಹೆಡ್ಮೇಸ್ಟ್ರ ಕೋಣೆಯ ಬಾಗಿಲ ಪಕ್ಕದಲ್ಲಿದ್ದ ಮರದ ಸ್ಟೂಲೇ ಆತನ ಜಾಗ. ಒಳಗೆ ಮೇಜಿನ ಮೇಲೆ ಒಂದು ಹಿತ್ತಾಳೆ ಗಂಟೆ ಇತ್ತು. ಅದರ ತಲೆ ತಟ್ಟಿದರೆ ‘ಟಿಣ್’ ಅನ್ನುತ್ತಿತ್ತು. ಅದು ‘ಟಿಣ್’ ಅಂದು ಮುಗಿಸುವುದರೊಳಗೆ ಈತ ‘ಸಾರ್’ ಅಂದಿರುತ್ತಿದ್ದ.

1. ಹೊಸ ಮೇಡಮ್ಮಿಗೆ ಸಿಕ್ಕಿದ್ದು

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕ ಮುಗಿಯುತ್ತ ಬಂದಾಗ. ನಮ್ಮ ಹೆಡ್ಮೇಸ್ಟ್ರು ಒಳ್ಳೆಯ ಮನುಷ್ಯರು. ಆದರೆ ಹೊಸಬರು ಎದುರಿಗೆ ಬಂದರೆ ಅವರಿಗೆ ಇಂಗ್ಲಿಷ್ ಬಂದುಬಿಡುತ್ತಿತ್ತು, ಕೆಲವರಿಗೆ ಸೀನು ಬರುವ ಹಾಗೆ. ಅವತ್ತು ಗಂಟೆ ತಟ್ಟಿ, ಜವಾನನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕುತ್ತಿಗೆ ಎತ್ತಿ ಹೇಳಿದರು: “ಮೇಡಮ್, ದಿಸ್ ಮ್ಯಾನ್ ವಿಲ್ ಬಿ ಅಟ್ ಯುವರ್ ಬೆಕ್ ಅಂಡ್ ಕಾಲ್.” ಆಮೇಲೆ ಆತನ ಕಡೆ ತಿರುಗಿ, “ತಿಳೀತೇನೋ?” ಅಂದರು.

“ತಿಳೀತು ಸಾರ್” ಅಂದ ಜವಾನ. ಮುಖದಲ್ಲಿ ಒಂದಿಷ್ಟೂ ಸಂಶಯವಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಬಾಡಿಗೆಗೆ ಹಿಡಿದಿದ್ದ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಜವಾನ. ಕೈಯಲ್ಲೊಂದು ಬಿದಿರ ಬುಟ್ಟಿ, ಅದರ ಬಾಯಿಗೆ ಹಳೇ ಟವೆಲ್ ಕಟ್ಟಿತ್ತು. ಬುಟ್ಟಿ ತನ್ನಷ್ಟಕ್ಕೇ ಅಲ್ಲಾಡುತ್ತಿತ್ತು.

“ಏನಿದು?” ಅಂದೆ.

“ಬೆಕ್ಕು ಮೇಡಮ್ಮೋರೆ. ಸಾರ್ ಹೇಳಿದ್ರಲ್ಲ.”

“ಯಾವಾಗ ಹೇಳಿದ್ರು?”

“ನಿನ್ನೆ ನಿಮ್ಮೆದುರಿಗೇ ಹೇಳಿದ್ರಲ್ಲ, ಯುವರ್ ಬೆಕ್ಕು ಅಂತ. ಹೇಳಿದ್ದೂ ಸರಿಯಾಗೇ ಐತೆ. ಈ ಮನೇಲಿ ಇಲಿ ಕಾಟ ಅಂದ್ರೆ ಅಂತಿಂಥ ಕಾಟ ಅಲ್ಲ. ನಿಮಗಿಂತ ಮುಂಚೆ ಇದ್ದ ಮೇಸ್ಟ್ರು ಟ್ರಾನ್ಸ್‌ಫರ್ ತಗಂಡಿದ್ದೇ ಅದಕ್ಕೆ.”

ಟವೆಲ್ ಬಿಚ್ಚಿದ. ಬೂದಿ ಬಣ್ಣದ ಮರಿಯೊಂದು ಹೊರಗೆ ಹಾರಿ, ನನ್ನನ್ನು ನೋಡದೆ ನೆಟ್ಟಗೆ ಅಡುಗೆಮನೆಗೆ ಹೋಯಿತು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಮೊದಲ ವಾರದಲ್ಲೇ ನಕ್ಕು ಒಬ್ಬರ ಮನಸ್ಸು ನೋಯಿಸಬಾರದಲ್ಲ. ಆತ ತಲೆ ಕೆರೆದುಕೊಂಡು ಮುಂದುವರಿಸಿದ.

“ಒಂದೇ ಒಂದು ಅನುಮಾನ ಇತ್ತು. ಬೆಕ್ಕು ಸರಿ, ಕಾಲು ಅಂದ್ರಲ್ಲ, ಏನ್ ಕಾಲು ಅಂತ. ಕೊನೆಗೆ ನಮ್ಮ ಮನೆಯವಳೇ ಹೇಳಿದ್ಲು. ಹಾಲಿನವನಿಗೆ ಹೇಳ್ಬುಟ್ಟಿದೀನಿ. ನಾಳೆಯಿಂದ ದಿನಾ ಕಾಲು ಲೀಟ್ರು.”

2. ಮೂರು ಪದ ದಂಡ

ಬೆಕ್ಕು ಉಳಿಯಿತು, ಹಾಲೂ ಉಳಿಯಿತು. ಆದರೆ ನಾನು ಇಂಗ್ಲಿಷ್ ಟೀಚರಲ್ಲವೇ, ತಪ್ಪು ಅರ್ಥವೊಂದು ಮನೆಯಲ್ಲಿ ದಿನಾ ಹಾಲು ಕುಡಿದುಕೊಂಡು ಓಡಾಡುವುದನ್ನು ಎಷ್ಟು ದಿನ ಸಹಿಸಲಿ? ಒಂದು ದಿನ ಊಟದ ಬಿಡುವಿನಲ್ಲಿ ಆತನನ್ನು ಕೂರಿಸಿಕೊಂಡು ಹೇಳಿದೆ. ಬೆಕ್ ಅಂದರೆ ಕೈಸನ್ನೆ ಮಾಡಿ ಕರೆಯುವುದು. ಕಾಲ್ ಅಂದರೆ ಕೂಗಿ ಕರೆಯುವುದು. ಒಬ್ಬರ ಬೆಕ್ ಅಂಡ್ ಕಾಲ್‌ನಲ್ಲಿ ಇರುವುದು ಅಂದರೆ, ಅವರು ಯಾವಾಗ ಕರೆದರೂ ಓ ಅಂದು ಎದುರಿಗೆ ನಿಲ್ಲುವ ಹಾಗೆ ಸದಾ ಕೂಗಳತೆಯಲ್ಲೇ ಇರುವುದು.

ಆತ ಒಂದೊಂದನ್ನೇ ಬೆರಳು ಮಡಿಸಿ ಲೆಕ್ಕ ಹಾಕಿದ. “ಕೈ ಮಾಡಿದ್ರೂ ಬರ್ಬೇಕು.”

“ಹೌದು.”

“ಕೂಗಿದ್ರೂ ಬರ್ಬೇಕು.”

“ಹೌದು.”

“ಕೆಲ್ಸ ಇದ್ರೂ ಬರ್ಬೇಕು, ಇಲ್ದಿದ್ರೂ ಬರ್ಬೇಕು.”

“ಹೌದು.”

“ಅದಕ್ಕೆ ಜವಾನ ಅಂದ್ರೆ ಸಾಕಾಗಿತ್ತಲ್ಲ ಮೇಡಮ್ಮೋರೆ. ಇಂಗ್ಲಿಷ್‌ನೋರು ಮೂರು ಪದ ಯಾಕೆ ದಂಡ ಮಾಡಿದ್ರು?”

ನಾನು ನಕ್ಕುಬಿಟ್ಟೆ. ಆದರೆ ಆತ ಸುಮ್ಮನೆ ಕೇಳುತ್ತಿರಲಿಲ್ಲ ಅನ್ನುವುದು ಅವತ್ತೇ ಗೊತ್ತಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಉಳಿದ ವಿಷಯಗಳನ್ನೆಲ್ಲ ಯಾವ ಕಾಲದಲ್ಲೋ ಪಾಸು ಮಾಡಿಕೊಂಡಿದ್ದ. ಇಂಗ್ಲಿಷ್ ಒಂದು ಉಳಿದುಕೊಂಡಿತ್ತು. ಐದು ಸಲ ಕೂತು ಐದು ಸಲವೂ ಬಿದ್ದಿದ್ದ. ಅದೊಂದು ಪಾಸಾದರೆ ಜವಾನನಿಂದ ಗುಮಾಸ್ತನಾಗಿ ಬಡ್ತಿ ಸಿಗುತ್ತಿತ್ತು. ನಮ್ಮ ಶಾಲೆಯ ಗುಮಾಸ್ತರು ನಿವೃತ್ತಿಗೆ ಹತ್ತಿರವಿದ್ದರು. ಅವರ ಕುರ್ಚಿಯ ಮೇಲೆ ಈತನ ಕಣ್ಣು. ಕುರ್ಚಿಯ ಮೇಲೆ ಅಂದರೆ ಅಕ್ಷರಶಃ ಕುರ್ಚಿಯ ಮೇಲೇ.

“ಸ್ಟೂಲಿಗೆ ಬೆನ್ನಿಲ್ಲ ಕಣ್ ಮೇಡಮ್ಮೋರೆ. ಇಪ್ಪತ್ತೆರಡು ವರ್ಷ ಆಯ್ತು, ಈ ಸ್ಕೂಲಲ್ಲಿ ನಾನು ಎಲ್ಲೂ ಒರಗಿಲ್ಲ.”

ಇನ್ನೊಂದು ತೊಂದರೆಯೂ ಇತ್ತು. ಆತನ ಮಗಳು ನಮ್ಮ ಶಾಲೆಯಲ್ಲೇ ಒಂಬತ್ತನೇ ಕ್ಲಾಸು. ಈ ಏಪ್ರಿಲ್ಲಿನಲ್ಲಿ ಈತ ಪಾಸಾಗದಿದ್ದರೆ ಮುಂದಿನ ಏಪ್ರಿಲ್ಲಿನಲ್ಲಿ ಅಪ್ಪ ಮಗಳು ಇಬ್ಬರೂ ಒಂದೇ ಪರೀಕ್ಷೆಗೆ ಹೋಗಬೇಕು. ಹುಡುಗಿ ಬುದ್ಧಿವಂತೆ, ಅವಳೇನೋ ಪಾಸಾಗುತ್ತಿದ್ದಳು. “ಅವ್ಳು ಪಾಸಾಗಿ ನಾನು ಡುಮ್ಕಿ ಹೊಡುದ್ರೆ, ಒಂದೇ ಮನೇಲಿ ಕುಂತ್ಕಂಡು ಮುದ್ದೆ ಹೆಂಗೆ ನುಂಗ್ಲಿ?” ಅಂದ. ಹೇಳಿದ್ದು ನಗುತ್ತಲೇ. ನಾನು ಪಾಠ ಹೇಳುತ್ತೇನೆ ಅಂದುಬಿಟ್ಟೆ.

ಸಂಜೆ ನೋಟ್‌ಬುಕ್ಕು ಹಿಡಿದುಕೊಂಡು ಮನೆಗೆ ಬಂದವನು ಬಾಗಿಲಲ್ಲೇ ನಿಂತು ಬೆಕ್ಕನ್ನು ನೋಡತೊಡಗಿದ. ನಾನು “ಬಾ, ಬಾ” ಅಂತ ಅದನ್ನು ಹಾಲು ಕುಡಿಯಲು ಕರೆಯುತ್ತಿದ್ದೆ, ಅದು ಕಿಟಕಿಯ ಮೇಲೆ ಮಲಗಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಕೈ ಮಾಡಿದೆ, ಇಲ್ಲ. ಸಾಕಾಗಿ ಪಾಠಕ್ಕೆ ಕೂತೆ. ಆಗ ಬಂದು ಕಾಲು ಸುತ್ತತೊಡಗಿತು.

“ನೋಡಿ ಮೇಡಮ್ಮೋರೆ. ಬೆಕ್ಕೂ ಐತೆ, ಕಾಲೂ ಐತೆ. ಆದ್ರೆ ಕರುದ್ರೆ ಬರಲ್ಲ, ಕರೀದಿದ್ರೆ ಬತ್ತದೆ. ನಿಮ್ಮ ಇಂಗ್ಲಿಷ್‌ನೋರು ಬೆಕ್ಕು ಸಾಕಿಲ್ಲ ಬುಡಿ.”

3. ಸಾಹುಕಾರರ ಭಾಷಣ

ಮಕ್ಕಳಿಗೆ ವ್ಯಾಕರಣ ಅಂಟುವುದಿಲ್ಲ, ಇಂಥದ್ದು ಅಂಟುತ್ತದೆ. ನಾನು ಬೆಕ್ಕು ಸಾಕಿದ ಕಥೆ ಎಂಟನೇ ಕ್ಲಾಸಿನಿಂದ ಹೊರಟು ತಿಂಗಳೊಳಗೆ ಊರೆಲ್ಲ ಸುತ್ತಿ ಬಂತು. ಯಾರಾದರೂ ಇನ್ನೊಬ್ಬರು ಹೇಳಿದ್ದಕ್ಕೆಲ್ಲ ಕುಣಿದರೆ ಅವರನ್ನು ‘ಬೆಕ್ಕಂಡ್ಕಾಲು’ ಅನ್ನುವುದು ರೂಢಿಯಾಯಿತು. ಒಂದು ಸಲ ಪಾಳ್ಯದ ಬಸ್ಸಿನಲ್ಲಿ ಹೋಗುವಾಗ, ಹಿಂದಿನ ಸೀಟಿನ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು: “ನಮ್ಮ ಅಳಿಯಂಗೆ ಏನೂ ಹೇಳಂಗಿಲ್ಲ ಕಣವ್ವ, ಚಿನ್ನದಂಥ ಹುಡುಗ. ನಮ್ಮ ಹುಡುಗಿಗೆ ಪೂರ್ತಿ ಬೆಕ್ಕಂಡ್ಕಾಲು.” ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನ ಮುಖದಲ್ಲೂ ಅರ್ಥವಾದ ನಗು.

ಇಷ್ಟು ಹಬ್ಬಿದ್ದು ಗೊತ್ತಿಲ್ಲದ ಒಬ್ಬರೇ ಒಬ್ಬರು ಅಂದರೆ ದೊಡ್ಡ ಎಸ್ಟೇಟಿನ ಸಾಹುಕಾರರು. ಶಾಲೆಯ ವಾರ್ಷಿಕೋತ್ಸವಕ್ಕೆ ಅವರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದೆವು. ಕೋಟು ಹಾಕಿಕೊಂಡು ಬಂದು, ಮೈಕು ತಟ್ಟಿ, ಇಂಗ್ಲಿಷಿನಲ್ಲೇ ಶುರುಮಾಡಿದರು. ಊರಿನವರು ಮರ್ಯಾದೆಯಿಂದ ಕೂತು ಕೇಳುತ್ತಿದ್ದರು. ಅವರಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಸಾಹುಕಾರರು ಎದೆಯ ಮೇಲೆ ಕೈಯಿಟ್ಟು, “ಐ ಆಮ್ ಆಲ್ವೇಸ್ ಅಟ್ ದ ಬೆಕ್ ಅಂಡ್ ಕಾಲ್ ಆಫ್ ದಿಸ್ ಸ್ಕೂಲ್” ಅಂದರು.

ಅದು ಮಾತ್ರ ಎಲ್ಲರಿಗೂ ಅರ್ಥವಾಯಿತು.

ಶಾಮಿಯಾನ ಹಾರಿಹೋಗುವ ಹಾಗೆ ನಗು. ಹೆಂಗಸರ ಕಡೆಯಿಂದ ಯಾರೋ ‘ಮ್ಯಾಂವ್’ ಅಂದರು. ಸಾಹುಕಾರರು ಅದನ್ನು ಮೆಚ್ಚುಗೆ ಅಂದುಕೊಂಡು ಅದೇ ವಾಕ್ಯವನ್ನು ಮತ್ತೆರಡು ಸಲ ಹೇಳಿದರು. ಹೆಡ್ಮೇಸ್ಟ್ರು ಬೆವರು ಒರೆಸಿಕೊಳ್ಳುತ್ತ ನನ್ನನ್ನು ಮೈಕಿನ ಮುಂದೆ ತಳ್ಳಿದರು. ನಾನು ಬಾಯಿ ಬಿಗಿಹಿಡಿದು ಕನ್ನಡದಲ್ಲಿ ಹೇಳಿದೆ: “ಈ ಶಾಲೆಯವರು ಕೈ ಮಾಡಿದರೂ ಸರಿ, ಕೂಗಿದರೂ ಸರಿ, ಸಾಹುಕಾರರು ಬರುತ್ತಾರಂತೆ.” ಚಪ್ಪಾಳೆ ಬಿತ್ತು. ನಮ್ಮ ಜವಾನ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಅದಾಗಿ ನಾಲ್ಕೈದು ದಿನ. ಪರೀಕ್ಷೆಗೆ ಸಕಲೇಶಪುರದಲ್ಲಿ ಅರ್ಜಿ ಕೊಡಲು ಕೊನೆಯ ದಿನ. ಹೆಡ್ಮೇಸ್ಟ್ರು ಅದು ಮಾಡು, ಇದು ಮಾಡು ಅಂತ ಹಿಡಿದಿಟ್ಟುಕೊಂಡು, ಜವಾನ ರಸ್ತೆಗೆ ಬರುವ ಹೊತ್ತಿಗೆ ಬಸ್ಸು ಹೋಗಿಬಿಟ್ಟಿತ್ತು. ಸಂಜೆ ಆತ ಮೈಯೆಲ್ಲ ಸೌದೆಯ ಸಿಬಿರು ಅಂಟಿಸಿಕೊಂಡು ಬಂದ. ಸೌದೆ ಲಾರಿಯ ಮೇಲೆ ಕೂತು ಹೋಗಿ, ಬಾಗಿಲು ಹಾಕುವ ಹೊತ್ತಿಗೆ ಅರ್ಜಿ ಕೊಟ್ಟನಂತೆ. ಅದಕ್ಕೆ ಮುಂಚೆ ಸಾಹುಕಾರರ ಜೀಪು ಅದೇ ದಾರಿಯಲ್ಲಿ ಹೋಯಿತಂತೆ, ಸಾಹುಕಾರರನ್ನು ಬಿಟ್ಟರೆ ಖಾಲಿ.

“ನಾನೂ ಸ್ಕೂಲಿನೋನೇ ಅಲ್ವಾ ಅಂತ ಕೈ ಮಾಡಿದೆ ಮೇಡಮ್ಮೋರೆ. ನಿಲ್ಲಿಸ್ಲಿಲ್ಲ. ಕೂಗಿದೆ. ನಿಲ್ಲಿಸ್ಲಿಲ್ಲ.” ಆತ ತೋಳಿನಿಂದ ಒಂದು ಸಿಬಿರು ಕಿತ್ತು ಎಸೆದ. “ನೀವು ಹೇಳಿದ ಅರ್ಥ ಇನ್ನೊಂದ್ಸಲ ಪುಸ್ತಕದಲ್ಲಿ ನೋಡ್ಬುಡಿ.”

4. ಮೂರನೇ ರೂಪ

ಮನೆಯಲ್ಲಿ ಪಾಠ ಸರಿಹೋಗಲಿಲ್ಲ. ಆತನಿಗೆ ಕೊನೆಯ ಬಸ್ಸು ತಪ್ಪುತ್ತಿತ್ತು. ಹಾಗಾಗಿ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಎಂಟನೇ ಕ್ಲಾಸಿನ ಕೋಣೆಯಲ್ಲೇ ಅಂತ ಗೊತ್ತುಮಾಡಿಕೊಂಡೆವು. ಅಲ್ಲಿ ಬಸ್ಸಿನ ಚಿಂತೆ ಇರಲಿಲ್ಲ, ಗಂಟೆಯದಿತ್ತು.

ಕ್ರಿಯಾಪದಗಳ ಮೂರು ರೂಪ ಕಲಿಸುತ್ತಿದ್ದೆ. “ಗೋ, ವೆಂಟ್...” ಅನ್ನುವಷ್ಟರಲ್ಲಿ ‘ಟಿಣ್’. ಆತ ಎದ್ದು ಓಡಿದ. ಕಿಟಕಿ ಹಾಕಬೇಕಿತ್ತಂತೆ. ಬಂದು ಕೂತ. “ಸೀ, ಸಾ...” ‘ಟಿಣ್’. ಕನ್ನಡಕ ಎಲ್ಲಿ ಅಂತ ಕೇಳಿದರಂತೆ. ಅದು ಹೆಡ್ಮೇಸ್ಟ್ರ ಹಣೆಯ ಮೇಲೇ ಇತ್ತು. “ಟೇಕ್, ಟುಕ್...” ‘ಟಿಣ್’. ಎರಡು ವಾರ ಕಳೆದು ನೋಡಿದರೆ ನಮ್ಮ ಅಭ್ಯರ್ಥಿಗೆ ಎಲ್ಲ ಕ್ರಿಯಾಪದಗಳ ಎರಡೆರಡು ರೂಪ ನೀರು ಕುಡಿದಷ್ಟು ಸಲೀಸು. ಮೂರನೆಯದು ಒಂದೂ ಗೊತ್ತಿಲ್ಲ. ಗೋ, ವೆಂಟ್ ಆದ ಮೇಲೆ ‘ಗಾನ್’ ಬರುವ ಹೊತ್ತಿಗೆ ಆತನೇ ಗಾನ್.

ನಾನು ನೆಟ್ಟಗೆ ಹೆಡ್ಮೇಸ್ಟ್ರ ಹತ್ತಿರ ಹೋದೆ. ಸಂಜೆ ಅದೊಂದು ಗಂಟೆ ಆತನನ್ನು ಕರೆಯಬೇಡಿ ಸಾರ್, ಪರೀಕ್ಷೆ ಹತ್ತಿರ ಬಂತು ಅಂದೆ.

“ಛೆ ಛೆ, ಖಂಡಿತ ಕರೆಯಲ್ಲ. ಪಾಪ, ಓದ್ಲಿ” ಅಂದರು. ಮನಸಾರೆ ಅಂದರು. ನಾನು ಕೋಣೆಗೆ ಹಿಂದಿರುಗಿ ಸೀಮೆಸುಣ್ಣ ಹಿಡಿದಿದ್ದೆ ಅಷ್ಟೇ, ‘ಟಿಣ್’. ಆತ ಓಡಿದ. ನಾನೂ ಹಿಂದೆಯೇ ಓಡಿದೆ.

“ಏನ್ ಸಾರ್, ಕರೆಯಲ್ಲ ಅಂದ್ರಿ?”

ಹೆಡ್ಮೇಸ್ಟ್ರು ಗಂಟೆಯ ಮೇಲಿದ್ದ ತಮ್ಮ ಕೈಯನ್ನೇ ಆಶ್ಚರ್ಯದಿಂದ ನೋಡಿಕೊಂಡರು. “ಏನಿಲ್ಲ ಮೇಡಮ್, ಕೆಲಸಕ್ಕಲ್ಲ. ಚೆನ್ನಾಗಿ ಓದ್ತಾ ಇದೀಯೇನೋ ಅಂತ ಕೇಳೋಣ ಅಂತ ಕರೆದೆ.”

ಅವತ್ತು ನನಗೆ ಸಿಟ್ಟು ನೆತ್ತಿಗೇರಿತು. ನಾನು ಮಾಡಿದ್ದನ್ನು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಂಡುಬಿಡುತ್ತೇನೆ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ನೆಪದಲ್ಲಿ ಆ ಕೋಣೆಗೆ ಹೋಗಿ, ಗಂಟೆಯನ್ನು ಬೋರಲು ಹಾಕಿ, ಒಳಗಿದ್ದ ನಾಲಿಗೆಯನ್ನು ತಿರುಚಿ ಕಿತ್ತು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅದು ಈಗಲೂ ನನ್ನ ಹೊಲಿಗೆ ಡಬ್ಬಿಯಲ್ಲಿ ಗುಂಡಿಗಳ ಜೊತೆ ಇದೆ. ಪಶ್ಚಾತ್ತಾಪ ಅಂತ ಏನೂ ಆಗಿಲ್ಲ.

ಹೆಡ್ಮೇಸ್ಟ್ರು ತಟ್ಟಿದರು, ‘ಟಕ್’. ಮತ್ತೆ ತಟ್ಟಿದರು, ‘ಟಕ್’. ಕೂಗಿ ನೋಡಿದರು. ಅವರ ಗಂಟಲು ಸಣ್ಣದು, ನಾವು ಅಷ್ಟರಲ್ಲಿ ಕಟ್ಟಡದ ಆ ತುದಿಯ ಕೋಣೆಗೆ ಪಾಠ ವರ್ಗಾಯಿಸಿಕೊಂಡಿದ್ದೆವು. ಕೊನೆಗೆ ಅವರು ಗಂಟೆ ಕೆಟ್ಟಿದೆ, ಹೊಸದು ಬೇಕು ಅಂತ ಇಲಾಖೆಗೆ ಪತ್ರ ಬರೆದರು. ಇಲಾಖೆಯ ವೇಗ ನನಗೆ ಗೊತ್ತಿತ್ತು. ಧೈರ್ಯವಾಗಿ ಮೂರನೇ ರೂಪ ಶುರುಮಾಡಿದೆ.

5. ಪರೀಕ್ಷೆಯ ನೀರು

ಏಪ್ರಿಲ್ ಬಂತು. ಪರೀಕ್ಷೆ ಸಕಲೇಶಪುರದಲ್ಲಿ. ಮಗಳು ಅಪ್ಪನ ಪೆನ್ನಿಗೆ ಇಂಕು ತುಂಬಿಕೊಟ್ಟು, ಎರಡು ಪೆನ್ಸಿಲ್ ಕೆತ್ತಿಕೊಟ್ಟು, “ಗಾಬರಿ ಆಗ್ಬೇಡ ಕಣಪ್ಪ” ಅಂತ ಬಸ್ಸು ಹತ್ತಿಸಿ ಕಳಿಸಿದಳು. ಮುಂದೆ ನಡೆದದ್ದನ್ನು ಆತನೇ ಮಾರನೆಯ ದಿನ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದು ಹೇಳಿದ.

ಅರ್ಧ ಹೊತ್ತಿನವರೆಗೆ ಎಲ್ಲ ಸರಿಯಾಗಿತ್ತಂತೆ. ಪತ್ರ ಬರೆದಾಗಿತ್ತು, ಪದ್ಯ ಬರೆದಾಗಿತ್ತು, ಮೂರನೇ ರೂಪಗಳು ಒಂದೆರಡು ಬಿಟ್ಟರೆ ಎಲ್ಲ ನೆನಪಿಗೆ ಬಂದಿದ್ದವು. ಆಗ ಕೋಣೆಯ ಮೇಲ್ವಿಚಾರಕರು ಬಾಗಿಲ ಕಡೆ ಕೈ ಮಾಡಿ, “ನೀರು” ಅಂದರು. ಅವರು ಕರೆದದ್ದು ಹೊರಗೆ ನಿಂತಿದ್ದ ಅಲ್ಲಿನ ಜವಾನನನ್ನು.

“ಆಮೇಲೆ?” ಅಂದೆ.

“ಆಮೇಲೆ ಏನಾಯ್ತೋ ನಂಗೇ ಗೊತ್ತಿಲ್ಲ ಮೇಡಮ್ಮೋರೆ. ಗ್ಯಾನ ಬಂದಾಗ ನಾನು ಮೂಲೇಲಿದ್ದ ಬಿಂದಿಗೆಯಿಂದ ಜಗ್ಗಿಗೆ ನೀರು ತುಂಬ್ಕಂಡು ನಿಂತಿದ್ದೆ.”

ಮೇಲ್ವಿಚಾರಕರಿಗೆ ಕೊಟ್ಟನಂತೆ. ಅವರು ಕಾಗದ ನೋಡುತ್ತಲೇ ಕುಡಿದರಂತೆ. ಎದ್ದಿದ್ದೇ ಆಯಿತಲ್ಲ ಅಂತ ಒಂದನೇ ಸಾಲಿನ ಮಕ್ಕಳಿಗೂ ಕೊಟ್ಟನಂತೆ. ಪಾಪ, ಸೆಖೆ. ಎರಡನೇ ಸಾಲಿಗೆ ಬಂದಾಗ ಮೇಲ್ವಿಚಾರಕರು ತಲೆ ಎತ್ತಿ, “ಬಾಗಿಲಲ್ಲಿ ನಮ್ಮ ಜವಾನ ನಿಂತಿದಾನೆ, ನೀನ್ಯಾರಯ್ಯ?” ಅಂದರಂತೆ.

“ಏನಂದ್ರಿ?”

“ಜಗ್ಗು ಕೆಳಗಿಟ್ಟು, ರಿಜಿಸ್ಟರ್ ನಂಬರ್ ಹೇಳ್ದೆ.”

ಹದಿನೈದು ನಿಮಿಷ ಹೋಯಿತು. ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ನಗುವುದೋ ಬೈಯುವುದೋ ತಿಳಿಯಲಿಲ್ಲ. ಆತ ಮಾತ್ರ ಶಾಂತನಾಗಿ ಪ್ರಶ್ನೆಪತ್ರಿಕೆಯ ಮೇಲೆ ಬೆರಳಿಟ್ಟು ತೋರಿಸಿದ. ವಾಪಸು ಬಂದು ಕೂತಾಗ ಎದುರಿಗಿದ್ದದ್ದು ಆ ಪ್ರಶ್ನೆ. ನುಡಿಗಟ್ಟನ್ನು ಸ್ವಂತ ವಾಕ್ಯದಲ್ಲಿ ಬಳಸಿ, ಎರಡು ಮಾರ್ಕ್ಸು: ಅಟ್ ಸಮ್‌ಒನ್ಸ್ ಬೆಕ್ ಅಂಡ್ ಕಾಲ್.

ನನಗೆ ಕೂತಲ್ಲಿ ಕೂರಲಾಗಲಿಲ್ಲ. “ಬೆಕ್ಕಿನ ಕಥೆ ಬರೆದ್ರಾ? ಬರೀಲಿಲ್ಲ ತಾನೇ? ಏನ್ ಬರೆದ್ರಿ, ಹೇಳಿ.”

ಆತ ಪ್ರಶ್ನೆಪತ್ರಿಕೆಯ ಹಿಂದೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದನ್ನು ಓದಿದ. “ಎ ಕ್ಯಾಟ್ ಈಸ್ ನಾಟ್ ಅಟ್ ಎನಿಬಡೀಸ್ ಬೆಕ್ ಅಂಡ್ ಕಾಲ್. ಐ ಆಮ್.”

ಬೆಕ್ಕು ಯಾರು ಕರೆದರೂ ಹೋಗುವುದಿಲ್ಲ. ನಾನು ಹೋಗುತ್ತೇನೆ.

ಎರಡು ವಾಕ್ಯ, ಒಂದೂ ತಪ್ಪಿಲ್ಲ. ನಾನು ಹನ್ನೊಂದು ವರ್ಷ ನೂರಾರು ಮಕ್ಕಳಿಗೆ ಅದನ್ನು ಕಲಿಸಿದ್ದೇನೆ, ಇಷ್ಟು ಸರಿಯಾಗಿ ಯಾರೂ ಬರೆದಿಲ್ಲ. ಕಣ್ಣು ತುಂಬಿ ಬಂದಿದ್ದನ್ನು ಆತ ನೋಡಿಬಿಟ್ಟ.

“ತಪ್ಪಾಯ್ತಾ ಮೇಡಮ್ಮೋರೆ?” ಅಂದ, ಗಾಬರಿಯಿಂದ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಪಾಸಾಗಲು ಮೂವತ್ತೈದು ಬೇಕಿತ್ತು. ಆತನಿಗೆ ಮೂವತ್ತಾರು. ಆ ಎರಡು ಮಾರ್ಕ್ಸು ಸಿಗದಿದ್ದರೆ ಮೂವತ್ನಾಲ್ಕು. ಮಗಳು ಶಾಲೆಯ ಬಾಗಿಲಿಂದ ನನ್ನ ಮನೆವರೆಗೂ ಓಡಿಬಂದು ಸುದ್ದಿ ಹೇಳಿದಳು. ಸಂಜೆ ಆತ ಸ್ವೀಟು ಹಂಚಿದ. ನನ್ನ ಮನೆಗೆ ಬಂದು, ನನಗೊಂದು ಮೈಸೂರು ಪಾಕು ಕೊಟ್ಟು, ಬೆಕ್ಕಿನ ಮುಂದೆಯೂ ಒಂದು ಇಟ್ಟ. “ಆ ಎರಡ್ರಲ್ಲಿ ಒಂದು ಮಾರ್ಕ್ಸು ಇವಳ್ದೇ” ಅಂದ. ಬೆಕ್ಕು ಅದನ್ನು ಮೂಸಿ ನೋಡಿ ಹೊರಟುಹೋಯಿತು.

6. ಕುರ್ಚಿ

ಬಡ್ತಿಯ ಆದೇಶ ಬರಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಹಳೇ ಗುಮಾಸ್ತರು ನಿವೃತ್ತರಾಗಿದ್ದರು, ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದ್ದಳು. ಆದೇಶ ಬಂದ ವಾರವೇ, ನಾವೆಲ್ಲ ಮರೆತೇಬಿಟ್ಟಿದ್ದ ಇನ್ನೊಂದೂ ಬಂತು: ಇಲಾಖೆಯಿಂದ ಒಂದು ಪೊಟ್ಟಣ, ಒಳಗೆ ಹೊಸ ಗಂಟೆ.

ಆ ಸೋಮವಾರ ನಮ್ಮ ಹೊಸ ಗುಮಾಸ್ತರು ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿಕೊಂಡು ಬಂದರು. ಗುಮಾಸ್ತರಾದ ಮೇಲೆ ನಾನೂ ಬಂದ, ಹೋದ ಅನ್ನಬಾರದಲ್ಲ. ಕುರ್ಚಿಯ ಮುಂದೆ ನಿಂತು, ಅದರ ಬೆನ್ನನ್ನು ಒಂದು ಸಲ ಕೈಯಿಂದ ಸವರಿ ನೋಡಿ, ನಿಧಾನವಾಗಿ ಕೂತರು. ಆದರೆ ಒರಗಲಿಲ್ಲ. ತುದಿಯಲ್ಲಿ, ಸ್ಟೂಲಿನ ಮೇಲೆ ಕೂತ ಹಾಗೇ ಕೂತಿದ್ದರು. “ಒರಗಿ” ಅಂದೆ. “ಇರ್ಲಿ ಮೇಡಮ್ಮೋರೆ, ರೂಢಿ ಆಗ್ಲಿ” ಅಂದರು. ನಾಚಿಕೆ ಆಗುತ್ತಿತ್ತು ಅಂತ ಕಾಣುತ್ತದೆ.

ಹೊಸ ಜವಾನ ಇನ್ನೂ ಬಂದಿರಲಿಲ್ಲ. ಬಾಗಿಲ ಪಕ್ಕದ ಸ್ಟೂಲು ಖಾಲಿಯಿತ್ತು. ಒಳಗೆ ಹೆ‌ಡ್ಮೇಸ್ಟ್ರು ಹೊಸ ಗಂಟೆಯನ್ನು ಮೇಜಿನ ಮೇಲಿಟ್ಟುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದುದು ಕಾಣುತ್ತಿತ್ತು. ನಾವು ಮೂರು ನಾಲ್ಕು ಜನ ಟೀಚರುಗಳು ಏನೂ ಕೆಲಸವಿಲ್ಲದಿದ್ದರೂ ಗುಮಾಸ್ತರ ಮೇಜಿನ ಸುತ್ತಲೇ ಸುಳಿದಾಡುತ್ತಿದ್ದೆವು.

‘ಟಿಣ್.’

ಗುಮಾಸ್ತರು ಅರ್ಧ ಎದ್ದರು. ಮೊಣಕಾಲು ಬಗ್ಗಿತ್ತು, ‘ಸಾ’ ಅಂತ ಬಾಯಿ ತೆರೆದಿತ್ತು. ಅವರು ಹಾಗೇ ಒಂದು ಗಳಿಗೆ ನಿಂತು, ನನ್ನ ಮುಖ ನೋಡಿದರು. ಆಮೇಲೆ ಕೂತರು. ಕೂತು, ಇಪ್ಪತ್ನಾಲ್ಕು ವರ್ಷದ ಮೇಲೆ ಮೊದಲನೇ ಸಲ, ಬೆನ್ನು ಒರಗಿಸಿದರು. ಕುರ್ಚಿ ‘ಕರ್ರ್’ ಅಂತು.

‘ಟಿಣ್. ಟಿಣ್ ಟಿಣ್.’

ಅವರು ಕಾಗದ ಎಳೆದುಕೊಂಡು ಏನೋ ಬರೆಯತೊಡಗಿದರು. ಹೆ‌ಡ್ಮೇಸ್ಟ್ರು ಬಾಗಿಲಿಗೆ ಬಂದರು.

“ಲೋ, ಗಂಟೆ ಕೇಳಿಸ್ಲಿಲ್ವೇನೋ?”

“ಕೇಳಿಸ್ತು ಸಾರ್” ಅಂದರು ಗುಮಾಸ್ತರು, ಪೆನ್ನು ಕೆಳಗಿಡದೆ. “ಜವಾನನ ಜಾಗ ಖಾಲಿ ಐತೆ, ತಕ್ಷಣ ಒಬ್ಬನ್ನ ಕಳಿಸ್ಬೇಕು ಅಂತ ಇಲಾಖೆಗೇ ಬರೀತಾ ಇದೀನಿ. ಅರ್ಜೆಂಟ್ ಅಂತ ಮೇಲೆ ಗೆರೆ ಎಳ್ದಿದೀನಿ.”

ಹೆಡ್ಮೇಸ್ಟ್ರು ಖಾಲಿ ಸ್ಟೂಲಿನ ಕಡೆ ನೋಡಿದರು.

“ಅವ್ನು ಬರೋವರ್ಗೂ ಬೇಕಾದ್ರೆ ಮೇಡಮ್ಮೋರ ಮನೆ ಬೆಕ್ಕು ತಂದ್ಬುಡ್ಲಾ ಸಾರ್? ದಿನಾ ಕಾಲು ಲೀಟ್ರು ಹಾಲು ಹಾಕಿದ್ರೆ ಸಾಕು.”

ನನ್ನ ಕೈಯಲ್ಲಿದ್ದ ಪುಸ್ತಕಗಳು ನೆಲಕ್ಕೆ ಬಿದ್ದವು. ಹೆಡ್ಮೇಸ್ಟ್ರು ಸಿಟ್ಟಾಗುತ್ತಾರೆ ಅಂದುಕೊಂಡೆ. ಅವರು ಗುಮಾಸ್ತರನ್ನು ನೋಡಿದರು, ಬಿಳೀ ಅಂಗಿ ನೋಡಿದರು, ಕುರ್ಚಿ ನೋಡಿದರು. ಆಮೇಲೆ ಸಣ್ಣ ಗಂಟಲಿನಲ್ಲಿ ಅಂದರು:

“ಬೇಡ ಕಣ್ರೀ. ನೀರೊಂದು ಬೇಕಿತ್ತು. ನಾನೇ ತಗೋತೀನಿ ಬಿಡ್ರೀ.”

ಹೇಳಿ ಒಳಗೆ ಹೋದರು. ಇಷ್ಟು ವರ್ಷ ‘ಲೋ’ ಅಂದ ಬಾಯಲ್ಲಿ ಎರಡು ಸಲ ‘ರೀ’ ಬಂದಿತ್ತು. ಗುಮಾಸ್ತರು ಬಾಗಿಲನ್ನೇ ನೋಡುತ್ತಿದ್ದರು, ಮೀಸೆ ಅದುರುತ್ತಿತ್ತು. ಇದ್ದಕ್ಕಿದ್ದ ಹಾಗೆ ಪೆನ್ನು ಬಿಸಾಕಿ, ಕುರ್ಚಿ ಹಿಂದಕ್ಕೆ ತಳ್ಳಿ, ಎದ್ದು, ಮೂಲೆಯ ಬಿಂದಿಗೆಯಿಂದ ಲೋಟ ತುಂಬಿಕೊಂಡು ಹೆಡ್ಮೇಸ್ಟ್ರ ಕೋಣೆಯತ್ತ ಹೊರಟೇಬಿಟ್ಟರು.

ನಾನು ಅಡ್ಡ ನಿಂತೆ. ಎರಡು ವರ್ಷದ ನನ್ನ ಪಾಠವೆಲ್ಲ ಲೋಟದಲ್ಲಿ ಮುಳುಗಿಹೋದ ಹಾಗೆ ಕಂಡಿತ್ತು. “ಏನ್ರೀ ಇದು? ಈಗ ತಾನೇ ಹೋಗಲ್ಲ ಅಂತ ಕೂತಿದ್ರಿ?”

“ಅದು ಕರ್ದಾಗ ಮೇಡಮ್ಮೋರೆ” ಅಂದರು ಗುಮಾಸ್ತರು, ನೀರು ಚೆಲ್ಲದ ಹಾಗೆ ನನ್ನನ್ನು ಬಳಸಿಕೊಂಡು ಹೋಗುತ್ತ. “ಈಗ ಯಾರೂ ಕರ್ದಿಲ್ಲ. ನಿಮ್ಮ ಬೆಕ್ಕಿನಂಗೆ, ನಾನೇ ಹೋಯ್ತಾ ಇದೀನಿ.”